ಒಂದರ ಬೆನ್ನಿಗೆ ಒಂದು

ಗಣಿತದ ‘ಕಾನ್ಸಿಕ್ಯುಟಿವ್’ ಪದದ ಬೇರು ಲ್ಯಾಟಿನ್‌ನ ‘ಸೆಕ್ವಿ’, ಅಂದರೆ ಹಿಂಬಾಲಿಸು. ನಮ್ಮ ‘ಕ್ರಮಾನುಗತ’ದಲ್ಲೂ ‘ಅನುಗತ’ ಎಂದರೆ ಹಿಂದೆಯೇ ಬಂದದ್ದು.

ಬಾಗಳಿಯ ಅಭ್ಯಾಸ ಪಾಠದಲ್ಲಿ 2, 4, 6 ಕ್ರಮಾನುಗತ ಸಮಸಂಖ್ಯೆಗಳು ಎಂದಾಗ ಹುಡುಗಿಯೊಬ್ಬಳು ಕೇಳಿದಳು: “ಸರ್, 2 ಆದ್ಮ್ಯಾಲೆ 3 ಬರ್ತೈತಲ್ರಿ?” ಎಣಿಕೆಯ ಸಾಲಿನಲ್ಲಿ ಅವಳ ಮಾತು ಸರಿ. ತಳ್ಳಿಹಾಕಿದ್ದರೆ ಅವಳಿಗೆ ಉಳಿಯುತ್ತಿದ್ದುದು ಬಾಯಿಪಾಠ ಮಾತ್ರ.

ಅವರೂರಿನ ಕಲ್ಲೇಶ್ವರ ಗುಡಿಯನ್ನೇ ಉದಾಹರಣೆ ಕೊಟ್ಟೆ. ಅಲ್ಲಿ ರಾಷ್ಟ್ರಕೂಟರ ಕಾಲದ ಕೆಲಸವೂ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದೂ ಇದೆ. ಮೊದಲಿನವರ ಆಳ್ವಿಕೆ ಶುರುವಾದದ್ದು 753ರಲ್ಲಿ, ಆಮೇಲಿನವರದು 973ರಲ್ಲಿ. ನಡುವೆ 220 ವರ್ಷ. ಆದರೂ ರಾಜಮನೆತನಗಳ ಸಾಲಿನಲ್ಲಿ ಒಂದರ ಬೆನ್ನಿಗೆ ಒಂದು. ಹಾಗೆಯೇ ಸಮಸಂಖ್ಯೆಗಳ ಸಾಲಿನಲ್ಲಿ 2ರ ಬೆನ್ನಿಗೆ 4.

‘ಮುಂದಿನದು ಯಾವುದು?’ ಎನ್ನುವ ಮೊದಲು ನಾವು ‘ಯಾವ ಸಾಲು?’ ಎಂದು ಕೇಳಬೇಕು.