ಕಡಲ ದಂಡೆಯ ಸ್ಟೋನ್ ಪೋನಿ

ನ್ಯೂಯಾರ್ಕ್ ಮಹಾನಗರದ ಪೆನ್ ನಿಲ್ದಾಣದಲ್ಲಿ ರೈಲು ಹತ್ತಿ, ಲಾಂಗ್ ಬ್ರಾಂಚ್ ಎಂಬಲ್ಲಿ ಗಾಡಿ ಬದಲಿಸಿ ದಕ್ಷಿಣಾಭಿಮುಖವಾಗಿ ಸಾಗಿದರೆ, ಸುಮಾರು ಎರಡು ಗಂಟೆಗಳಲ್ಲಿ ಆಸ್‌ಬರಿ ಪಾರ್ಕ್ ಎಂಬ ಪುಟ್ಟ ಊರು ಸಿಗುತ್ತದೆ. ಅದು ನ್ಯೂಜರ್ಸಿ ಸಂಸ್ಥಾನದ ಕಡಲಂಚಿನ ಊರು. ನಿಲ್ದಾಣದಿಂದ ಪೂರ್ವಕ್ಕೆ ಒಂದು ಮೈಲಿಗೂ ಕಡಮೆ ನಡೆದರೆ ಅಟ್ಲಾಂಟಿಕ್ ಸಾಗರ ಎದುರಾಗುತ್ತದೆ. ಮರಳಿನ ಮೇಲೆ ಹಲಗೆ ಹಾಸಿ ಮಾಡಿದ ವಿಹಾರಪಥ ದಡದುದ್ದಕ್ಕೂ ಹರಡಿಕೊಂಡಿದೆ. ಅದರ ಉತ್ತರದ ತುದಿಯಲ್ಲಿ ಕನ್ವೆನ್ಷನ್ ಹಾಲ್ ಎಂಬ ಭವ್ಯ ಇಟ್ಟಿಗೆಯ ಕಟ್ಟಡ. ದಕ್ಷಿಣದಲ್ಲಿ ಕ್ಯಾಸಿನೋ ಎಂಬ ಹಳೆಯ ವಿನೋದಮಂದಿರ. ಇವೆರಡರ ನಡುವೆ, ರಸ್ತೆಯ ಆಚೆ ಬದಿಗೆ, ತಗ್ಗಾದ ಬಿಳಿಯ ಕಟ್ಟಡವೊಂದುಂಟು. ವಾಸ್ತುಶಿಲ್ಪದ ದೃಷ್ಟಿಯಿಂದ ಅದರಲ್ಲಿ ನೋಡತಕ್ಕದ್ದೇನೂ ಇಲ್ಲ. ಆದರೂ ಸಾಗರಗಳನ್ನು ದಾಟಿ ಬಂದ ಯಾತ್ರಿಕರು ಅದರ ಗೋಡೆಯೆದುರು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅದರ ಹೆಸರು ಸ್ಟೋನ್ ಪೋನಿ. ಅದೊಂದು ಪಾನಗೃಹ.

ಪಾನಗೃಹವೆಂದೊಡನೆ ಮೂಗು ಮುರಿಯುವ ವಾಚಕರೂ ಇರಬಹುದು. ಮೂಗು ಮುರಿಯುವವರ ಪೈಕಿ ಮೊದಲಿಗನು ಈ ಊರನ್ನು ಕಟ್ಟಿದವನೇ ಎಂಬುದು ವಿನೋದದ ಸಂಗತಿ! ಜೇಮ್ಸ್ ಬ್ರಾಡ್ಲಿ ಎಂಬ ನ್ಯೂಯಾರ್ಕಿನ ಕುಂಚಗಳ ತಯಾರಕನು 1871ರಲ್ಲಿ ಇಲ್ಲಿಯ ಮರಳುದಿಬ್ಬಗಳನ್ನು ಕೊಂಡು ಊರು ಕಟ್ಟಿದನು. ಮೆಥಡಿಸ್ಟ್ ಪಂಥದ ಪ್ರಸಿದ್ಧ ಧರ್ಮಾಧ್ಯಕ್ಷ ಫ್ರಾನ್ಸಿಸ್ ಆಸ್‌ಬರಿಯ ಹೆಸರನ್ನು ಅದಕ್ಕಿಟ್ಟನು. ಮದ್ಯಕ್ಕೆ ಇಲ್ಲಿ ಎಡೆಯಿರಬಾರದೆಂಬುದು ಅವನ ನಿಯಮ. ದಕ್ಷಿಣಕ್ಕೆ, ಒಂದು ಕಿರುಸರೋವರದ ಆಚೆ ದಡದಲ್ಲಿ, 1869ರಲ್ಲಿ ಹುಟ್ಟಿದ ಓಷನ್ ಗ್ರೋವ್ ಎಂಬ ಇನ್ನೊಂದು ಊರಿದೆ. ಅಲ್ಲಿ ಇಂದಿಗೂ ಬೇಸಗೆಯಲ್ಲಿ ಭಕ್ತರು ಗುಡಾರ ಹಾಕಿಕೊಂಡು ಪ್ರಾರ್ಥನೆಗೆ ಸೇರುತ್ತಾರೆ. ಒಂದು ದಡದಲ್ಲಿ ಸ್ತೋತ್ರಗೀತೆ, ಇನ್ನೊಂದು ದಡದಲ್ಲಿ ರಾಕ್ ಸಂಗೀತ. ನಡುವೆ ಇರುವುದು ಕಲ್ಲೆಸೆತದಷ್ಟು ಅಗಲದ ನೀರು.

ಏರು ಮತ್ತು ಇಳಿತ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆಸ್‌ಬರಿ ಪಾರ್ಕ್ ವೈಭವದಿಂದ ಮೆರೆಯಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ನಿರ್ಮಾಣದಲ್ಲಿ ಕೈಯಿದ್ದ ವಾರೆನ್ ಮತ್ತು ವೆಟ್‌ಮೋರ್ ಎಂಬ ಶಿಲ್ಪಿಗಳೇ ಕನ್ವೆನ್ಷನ್ ಹಾಲನ್ನೂ ಕಲ್ಪಿಸಿದರು. 1934ರ ಸೆಪ್ಟೆಂಬರ್ 8ರಂದು ಮಾರೋ ಕ್ಯಾಸಲ್ ಎಂಬ ಪ್ರಯಾಣಿಕರ ಹಡಗು ಸಮುದ್ರಮಧ್ಯದಲ್ಲಿ ಹೊತ್ತಿಕೊಂಡು, ಉರಿಯುತ್ತಲೇ ತೇಲಿ ಬಂದು ಈ ಕಟ್ಟಡದ ಎದುರಿಗೇ ದಡ ಹತ್ತಿತು. ನೂರಮೂವತ್ತಕ್ಕೂ ಹೆಚ್ಚು ಜನ ಸತ್ತಿದ್ದ ಆ ಹಡಗಿನ ಸುಟ್ಟ ಒಡಲನ್ನು ನೋಡಲು ಜನ ಸಾಲುಗಟ್ಟಿ ಬಂದರು. ಜನರ ಕುತೂಹಲಕ್ಕೆ ಕರುಣೆಯ ಕಟ್ಟು ಎಲ್ಲಿದೆ?

ಮಹಾಯುದ್ಧದ ತರುವಾಯ ಗಾಳಿ ದಿಕ್ಕು ಬದಲಿಸಿತು. ಹೊಸ ಹೆದ್ದಾರಿಗಳು ಜನರನ್ನು ಇನ್ನೂ ದೂರದ ಕಡಲತೀರಗಳಿಗೆ ಒಯ್ದವು. ಊರಹೊರಗಿನ ದೊಡ್ಡ ಅಂಗಡಿಸಾಲುಗಳು ಪೇಟೆಯ ವ್ಯಾಪಾರವನ್ನು ಸೆಳೆದವು. ಇದಕ್ಕಿಂತ ಆಳವಾದ ಬಿರುಕೊಂದು ಊರಿನೊಳಗೇ ಇತ್ತು. ರೈಲುಹಳಿಯ ಪೂರ್ವಕ್ಕೆ ಕಡಲು, ಹೋಟೆಲು, ವಿಹಾರ. ಪಶ್ಚಿಮಕ್ಕೆ ಆ ಹೋಟೆಲುಗಳಲ್ಲಿ ದುಡಿಯುವ ಕರಿಯ ಜನರ ಮನೆಗಳು. ಪಶ್ಚಿಮದ ಸ್ಪ್ರಿಂಗ್‌ವುಡ್ ಬೀದಿಯಲ್ಲಿ ಟರ್ಫ್ ಕ್ಲಬ್, ಆರ್ಕಿಡ್ ಲೌಂಜ್ ಮೊದಲಾದ ಸಂಗೀತಗೃಹಗಳು ಜಾಜ್ ಮತ್ತು ಬ್ಲೂಸ್ ಗಾನದಿಂದ ತುಂಬಿದ್ದವು. 1970ರ ಜುಲೈಯಲ್ಲಿ, ಉದ್ಯೋಗವಿಲ್ಲದೆ ಬೇಸತ್ತ ಜನರ ಸಿಟ್ಟು ದಂಗೆಯಾಗಿ ಸಿಡಿದು, ಆ ಬೀದಿಯ ಬಹುಭಾಗ ಸುಟ್ಟುಹೋಯಿತು. ಮುಂದೆ ಬಹುಕಾಲ ಅಲ್ಲಿ ಖಾಲಿ ನಿವೇಶನಗಳೇ ಉಳಿದವು. ಆಸ್‌ಬರಿ ಪಾರ್ಕಿನ ರಾಕ್ ಸಂಗೀತವನ್ನು ಹೊಗಳುವವರು, ಅದರ ಬೇರು ಹಳಿಯಾಚೆಯ ಆ ಬೀದಿಗೂ ಚಾಚಿತ್ತೆಂಬುದನ್ನು ನೆನೆಯದಿದ್ದರೆ ಕಥೆ ಅರ್ಧವೇ ಆದೀತು.

ಇಂಥ ಬಾಡುತ್ತಿದ್ದ ಊರಿಗೆ, ಒಳನಾಡಿನ ಫ್ರೀಹೋಲ್ಡ್ ಎಂಬ ಕಾರ್ಖಾನೆಯ ಊರಿನಿಂದ, ಗಿಟಾರು ಹಿಡಿದು ಬಂದ ತರುಣನು ಬ್ರೂಸ್ ಸ್ಪ್ರಿಂಗ್‌ಸ್ಟೀನ್. 1949ರಲ್ಲಿ ಹುಟ್ಟಿದ ಆತನ ತಂದೆ ಒಂದು ಕೆಲಸದಲ್ಲಿ ನೆಲೆನಿಲ್ಲದೆ ಕಾರ್ಖಾನೆ, ಬಸ್ಸು ಎಂದು ಅಲೆದವನು. ತಾಯಿ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿ. ಕುಕ್ಮನ್ ಬೀದಿಯ ಮಹಡಿಯ ಮೇಲೆ 1968ರಿಂದ 1971ರವರೆಗೆ ನಡೆದ ಅಪ್‌ಸ್ಟೇಜ್ ಎಂಬ ಕೂಟದಲ್ಲಿ ಮದ್ಯವಿರಲಿಲ್ಲ. ಬೆಳಗಿನ ಜಾವದವರೆಗೆ ಸಂಗೀತ ಮಾತ್ರ ಇತ್ತು. ಮುಂದೆ ಆತನ ಮೇಳದಲ್ಲಿ ನುಡಿಸಿದ ಹಲವರು ಅಲ್ಲೇ ಜೊತೆಗೂಡಿದರು. 1971ರ ಬಿರುಗಾಳಿಯ ಒಂದು ರಾತ್ರಿ, ಸ್ಟೂಡೆಂಟ್ ಪ್ರಿನ್ಸ್ ಎಂಬ ಸಣ್ಣ ಪಾನಗೃಹದಲ್ಲಿ ಆತ ನುಡಿಸುತ್ತಿದ್ದಾಗ ಭೀಮಕಾಯನಾದ ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ ಬಾಗಿಲು ತೆರೆದನಂತೆ. ಗಾಳಿಯ ಹೊಡೆತಕ್ಕೆ ಬಾಗಿಲೇ ಕಿತ್ತು ಹಾರಿತಂತೆ! ಅತಿಶಯೋಕ್ತಿಯ ಪಾಲೆಷ್ಟೋ ಇರಲಿ, ಅಂದು ಬೆಸೆದ ಸ್ನೇಹ 2011ರಲ್ಲಿ ಕ್ಲೆಮನ್ಸ್ ಕಣ್ಮುಚ್ಚುವ ತನಕ ಉಳಿಯಿತು. 1973ರಲ್ಲಿ ಬಂದ ಸ್ಪ್ರಿಂಗ್‌ಸ್ಟೀನನ ಮೊದಲ ಧ್ವನಿಮುದ್ರಿಕೆಗೆ ಈ ಊರಿನ ಹೆಸರೇ ಬಂದಿತು. ಊರು ಪ್ರವಾಸಿಗಳಿಗಾಗಿ ಮಾರುತ್ತಿದ್ದ ಅಂಚೆಕಾರ್ಡಿನ ಚಿತ್ರವೇ ಅದರ ಮುಖಪುಟವಾಯಿತು.

ಹೆಸರು ಸಾರದ ಕಚೇರಿ

ಸ್ಟೋನ್ ಪೋನಿ ತೆರೆದದ್ದು 1974ರ ಫೆಬ್ರವರಿಯಲ್ಲಿ. ಕಡಲಂಚಿನ ಊರಿನಲ್ಲಿ ಚಳಿಗಾಲದಲ್ಲಿ ಅಂಗಡಿ ತೆರೆಯುವವರು ಸಾಹಸಿಗಳೇ ಸರಿ. ಸೌತ್‌ಸೈಡ್ ಜಾನಿ ಎಂಬ ಗಾಯಕನೂ ಅವನ ಆಸ್‌ಬರಿ ಜೂಕ್ಸ್ ಮೇಳವೂ ಅದನ್ನು ನಿಲ್ಲಿಸಿದವು. ವಾರದಲ್ಲಿ ಹಲವು ರಾತ್ರಿ ಕೊಳಲುಕಹಳೆಗಳೊಡನೆ ಅವರು ನುಡಿಸಿದರು. 1976ರ ಮೇ 30ರಂದು ಅವರ ಕಚೇರಿ ಇಲ್ಲಿಂದಲೇ ಬಾನುಲಿಯಲ್ಲಿ ನೇರವಾಗಿ ಬಿತ್ತರವಾದಾಗ ಪಾನಗೃಹದ ಹೆಸರು ದೂರದೂರಕ್ಕೆ ಹಬ್ಬಿತು. ಅಷ್ಟರಲ್ಲಿ ಸ್ಪ್ರಿಂಗ್‌ಸ್ಟೀನನ ಹೆಸರೂ ಹಬ್ಬಿತ್ತು. 1975ರ ಅಕ್ಟೋಬರಿನಲ್ಲಿ ಟೈಮ್ ಮತ್ತು ನ್ಯೂಸ್‌ವೀಕ್ ಪತ್ರಿಕೆಗಳೆರಡೂ ಒಂದೇ ವಾರ ಆತನ ಚಿತ್ರವನ್ನು ಮುಖಪುಟದಲ್ಲಿ ಅಚ್ಚಿಸಿದ್ದವು.

ದೊಡ್ಡವನಾದ ಮೇಲೆ ಊರಿನ ಕಿರುಬಾಗಿಲು ಹೊಕ್ಕು ಬರುವವರು ವಿರಳ. ಈತ ಮಾತ್ರ ಬರುತ್ತಲೇ ಇದ್ದ. ಜಾಹೀರಾತಿಲ್ಲ, ಹೆಸರು ಹಚ್ಚಿದ ಫಲಕವಿಲ್ಲ. 1982ರ ಬೇಸಗೆಯ ಭಾನುವಾರಗಳಂದು ಕ್ಯಾಟ್ಸ್ ಆನ್ ಎ ಸ್ಮೂತ್ ಸರ್ಫೇಸ್ ಎಂಬ ಸ್ಥಳೀಯ ಮೇಳ ಇಲ್ಲಿ ನುಡಿಸುತ್ತಿದ್ದಾಗ ಆತ ಮತ್ತೆ ಮತ್ತೆ ವೇದಿಕೆ ಏರಿ, ಚಿಕ್ಕಂದಿನಲ್ಲಿ ತಾನು ಕೇಳಿ ಬೆಳೆದ ಹಳೆಯ ರಾಕ್ ಹಾಡುಗಳನ್ನು ಹಾಡಿದ.

ಅಂಥದೊಂದು ರಾತ್ರಿಯ ಅಭಿಮಾನಿಯನ್ನು ಕಲ್ಪಿಸಿಕೊಳ್ಳಬಹುದು. ಹಗಲೆಲ್ಲ ಯಾವುದೋ ಗ್ಯಾರೇಜಿನಲ್ಲೋ ಉಗ್ರಾಣದಲ್ಲೋ ದುಡಿದ ತರುಣ. ಮೂರು ಭಾನುವಾರ ಬಂದು ಬರಿಗೈಯಲ್ಲಿ ಹಿಂದಿರುಗಿದವನು, ನಾಲ್ಕನೆಯದಕ್ಕೂ ಬಂದಿದ್ದಾನೆ. ಒಳಗೆ ತಗ್ಗಾದ ಮಾಡು, ಸಿಗರೇಟಿನ ಹೊಗೆ, ಚೆಲ್ಲಿದ ಬಿಯರಿನಿಂದ ಅಂಟುವ ನೆಲ. ಮೇಳ ನುಡಿಸುತ್ತಿದೆ, ಅವನ ಕಿವಿ ಅತ್ತ, ಕಣ್ಣು ಪಕ್ಕದ ಬಾಗಿಲತ್ತ. ನಡುರಾತ್ರಿ ಸಮೀಪಿಸಿದಾಗ ಜನರ ನಡುವೆ ಒಂದು ಗುಜುಗುಜು ಹುಟ್ಟುತ್ತದೆ. ಯಾರೂ ಘೋಷಿಸುವುದಿಲ್ಲ. ತೋಳಿಲ್ಲದ ಅಂಗಿ ತೊಟ್ಟವನೊಬ್ಬ ಗಿಟಾರಿನ ಪಟ್ಟಿಯನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ಆಮೇಲೆ ಸಭಾಂಗಣವೇ ಒಂದು ಕಂಠವಾಗುತ್ತದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುವುದುಂಟು. ದೊಡ್ಡ ಕ್ರೀಡಾಂಗಣಗಳಲ್ಲಿ ಕಲಾವಿದ ಹಾಗೆ ನುಣ್ಣಗೆ ಕಾಣುತ್ತಾನೆ. ಇದೇ ಗಾಯಕ 2003ರ ಬೇಸಗೆಯಲ್ಲಿ ನ್ಯೂಜರ್ಸಿಯ ಜಯಂಟ್ಸ್ ಕ್ರೀಡಾಂಗಣದಲ್ಲಿ ಹತ್ತು ರಾತ್ರಿ ಹಾಡಿದಾಗ, ಪ್ರತಿ ರಾತ್ರಿಯೂ ಐವತ್ತು ಸಾವಿರದ ಆಸುಪಾಸು ಜನ ಸೇರಿದರು. ಸ್ಟೋನ್ ಪೋನಿಯೊಳಗೆ ಹಿಡಿಸುವವರು ಎಂಟುನೂರು ಚಿಲ್ಲರೆ. ಇಲ್ಲಿ ಬೆಟ್ಟದ ಕಲ್ಲುಮುಳ್ಳೆಲ್ಲ ಕಾಣುತ್ತದೆ. ಹಣೆಯ ಬೆವರು, ಗಿಟಾರಿನ ಸವೆದ ಬಣ್ಣ, ತಪ್ಪಿದ ಸ್ವರಕ್ಕೆ ಜೊತೆಗಾರನತ್ತ ನೋಡಿ ನಗುವ ನಗೆ, ತುಂಡಾದ ತಂತಿ. ಅಭಿಮಾನ ಇದರಿಂದ ಕುಂದಬೇಕಿತ್ತು, ಕುಂದುವುದಿಲ್ಲ. ತನ್ನಂತೆಯೇ ದಣಿಯುವವನು ತನ್ನ ಬದುಕನ್ನು ಹಾಡುತ್ತಾನೆಂಬ ನಂಬಿಕೆ ಅಲ್ಲಿ ಕಣ್ಣಾರೆ ದೃಢವಾಗುತ್ತದೆ.

ಆದರೆ ಹತ್ತಿರ ನಿಂತವನಿಗೂ ಎಲ್ಲವೂ ಕಾಣುವುದಿಲ್ಲ. ಅದೇ 1982ರ ಆರಂಭದಲ್ಲಿ, ಇಲ್ಲಿಗೆ ಸಮೀಪದ ಕೋಲ್ಟ್ಸ್ ನೆಕ್ ಎಂಬಲ್ಲಿಯ ಬಾಡಿಗೆ ಮನೆಯಲ್ಲಿ, ಸ್ಪ್ರಿಂಗ್‌ಸ್ಟೀನ್ ಒಬ್ಬನೇ ಕುಳಿತು ಸಣ್ಣ ಕ್ಯಾಸೆಟ್ ಯಂತ್ರದ ಮುಂದೆ ನೆಬ್ರಾಸ್ಕಾ ಸಂಪುಟದ ಕತ್ತಲೆಯ ಹಾಡುಗಳನ್ನು ಮುದ್ರಿಸಿದ್ದ. ಆ ವರ್ಷಗಳಲ್ಲಿ ತನ್ನನ್ನು ಕವಿದ ಖಿನ್ನತೆಯನ್ನು 2016ರ ಆತ್ಮಕಥೆಯಲ್ಲಿ ಆತ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಭಾನುವಾರದ ರಾತ್ರಿ ಐದಡಿ ದೂರದಲ್ಲಿ ನಿಂತು ಕೂಗಿದ ಅಭಿಮಾನಿಗೆ ಇದು ತಿಳಿದಿರಲಿಲ್ಲ. ಸಂತೋಷ ಪಡೆಯಲು ಬಂದವನು, ತಾನೂ ಆ ವೇದಿಕೆಯ ಮೇಲಿನವನಿಗೆ ಒಂದಿಷ್ಟು ಸಂತೋಷ ಕೊಟ್ಟು ಹೋದನೆಂದು ಈಗ ಭಾವಿಸಿದರೆ ತಪ್ಪಾಗಲಾರದು.

ಹಾಡಿನ ಬಲ, ಹಾಡಿನ ಮಿತಿ

1984ರ ಜೂನ್ 4ರಂದು ಬಾರ್ನ್ ಇನ್ ದಿ ಯು.ಎಸ್.ಎ. ಸಂಪುಟ ಹೊರಬಂದಿತು. ನಾಲ್ಕೇ ದಿನಗಳ ತರುವಾಯ, ಜಗತ್ತಿನ ದೊಡ್ಡ ವೇದಿಕೆಗಳಿಗೆ ಹೊರಡುವ ಮುನ್ನ, ಇಡೀ ಮೇಳ ಈ ಪಾನಗೃಹದಲ್ಲಿ ಕೈ ಪಳಗಿಸಿಕೊಂಡಿತು. ಆ ಸಂಪುಟದ ಕೊನೆಯ ಹಾಡು ಮೈ ಹೋಮ್‌ಟೌನ್. ಗಿರಣಿ ಮುಚ್ಚಿ ಬಡವಾಗುವ ಊರಿನ ಕಥೆ ಅದರ ವಸ್ತು.

ಹಾಡು ಬೇಗನೆ ನಿಜವಾಗಿ ಎದುರು ನಿಂತಿತು. ಫ್ರೀಹೋಲ್ಡಿನಲ್ಲಿ ಧ್ವನಿಪಟ್ಟಿ ಮತ್ತು ವಿಡಿಯೊಪಟ್ಟಿ ತಯಾರಿಸುತ್ತಿದ್ದ 3ಎಂ ಕಂಪನಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವಾಯಿತು. 1985ರ ಕೊನೆಯಲ್ಲಿ ಸ್ಪ್ರಿಂಗ್‌ಸ್ಟೀನನೂ ವಿಲ್ಲಿ ನೆಲ್ಸನ್ ಎಂಬ ಗಾಯಕನೂ ಪತ್ರಿಕೆಗಳಲ್ಲಿ ಬಹಿರಂಗ ಮನವಿ ಮಾಡಿಕೊಂಡರು. 1986ರ ಜನವರಿಯ ಚಳಿಯಲ್ಲಿ ಕಾರ್ಮಿಕರ ನೆರವಿಗಾಗಿ ಸ್ಟೋನ್ ಪೋನಿಯಲ್ಲಿ ಕಚೇರಿ ನಡೆಯಿತು. ಅಂದು ಕೇಳುತ್ತಿದ್ದವರಲ್ಲಿ ಕೆಲಸ ಕಳೆದುಕೊಳ್ಳಲಿದ್ದವರಿದ್ದರು. ಹಾಡುತ್ತಿದ್ದವನು ಅವರ ಊರಿನವನೇ. ಕಾರ್ಖಾನೆ ಉಳಿಯಲಿಲ್ಲ. ಹಾಡಿಗೆ ಯಂತ್ರಗಳನ್ನು ಓಡಿಸುವ ಶಕ್ತಿಯಿಲ್ಲ. ಆದರೆ ಆ ರಾತ್ರಿ ಅಲ್ಲಿದ್ದವರು ತಮ್ಮ ಕಷ್ಟ ಯಾರಿಗೂ ಬೇಡವಾದ ಕಷ್ಟವಲ್ಲವೆಂದು ತಿಳಿದು ಮನೆಗೆ ಹೋಗಿರಬೇಕು. ಅದೂ ಅಲ್ಪವಾದ ಲಾಭವಲ್ಲ.

ಪಾನಗೃಹಕ್ಕೂ ಕಷ್ಟ ತಪ್ಪಲಿಲ್ಲ. 1991ರಲ್ಲಿ ಅದು ಮುಚ್ಚಿತು, ಮರುವರ್ಷ ತೆರೆಯಿತು, 1998ರಲ್ಲಿ ಮತ್ತೆ ಮುಚ್ಚಿತು. ಸುತ್ತಲ ಊರೂ ಹಾಗೆಯೇ ಇತ್ತು. ಹೊಸದಾಗಿ ಕಟ್ಟಲು ಹೊರಟವರ ಹಣ ಮುಗಿದು, ಅರ್ಧಕ್ಕೆ ನಿಂತ ಎತ್ತರದ ಕಟ್ಟಡವೊಂದರ ಅಸ್ಥಿಪಂಜರ ವರ್ಷಗಟ್ಟಲೆ ಕಡಲನ್ನು ನೋಡುತ್ತ ನಿಂತಿತ್ತು. 2000ದಲ್ಲಿ ಸ್ಟೋನ್ ಪೋನಿ ಮರಳಿ ಬಾಗಿಲು ತೆರೆಯಿತು. ಊರಿನ ಪುನರ್ನಿರ್ಮಾಣದ ಯೋಜನೆಗಳು ಬಂದಾಗ, ಅದನ್ನು ಕೆಡವಬಾರದೆಂದು ಅಭಿಮಾನಿಗಳು ದನಿಯೆತ್ತಿದರು. ಹತ್ತಿರದ ಪ್ಯಾಲೆಸ್ ಎಂಬ ಹಳೆಯ ವಿನೋದಮಂದಿರಕ್ಕೆ ಆ ಭಾಗ್ಯವಿರಲಿಲ್ಲ. 2004ರಲ್ಲಿ ಅದು ನೆಲಸಮವಾಯಿತು. ಅದರ ಗೋಡೆಯ ಮೇಲೆ ಹಲ್ಲು ಕಿರಿದು ನಗುತ್ತಿದ್ದ ಟಿಲ್ಲಿಯ ಚಿತ್ರವನ್ನು ಮಾತ್ರ ಗೋಡೆಸಮೇತ ಕೊರೆದು ಉಳಿಸಿಕೊಂಡರು.

ಇಂದಿನ ಆಸ್‌ಬರಿ ಪಾರ್ಕಿಗೆ ಲಕ್ಷ್ಮಿ ಮರಳಿದ್ದಾಳೆ. ವಿಹಾರಪಥದ ಬದಿಯಲ್ಲಿ ಉಪಾಹಾರಗೃಹಗಳು ತುಂಬಿವೆ. ಕಡಲಿಗೆ ಮುಖಮಾಡಿದ ಬೆಲೆಬಾಳುವ ವಸತಿಗಳು ಎದ್ದಿವೆ. ಹಳಿಯ ಪಶ್ಚಿಮಕ್ಕೆ ಆ ಸಿರಿ ಪೂರ್ವದಷ್ಟು ಹರಿದಿಲ್ಲ. 2024ರ ಸೆಪ್ಟೆಂಬರ್ 15ರಂದು, ಎಪ್ಪತ್ತೈದಕ್ಕೆ ಇನ್ನೇನು ಒಂದು ವಾರವಿದ್ದಾಗ, ಸ್ಪ್ರಿಂಗ್‌ಸ್ಟೀನ್ ಇಲ್ಲಿಯ ಮರಳದಂಡೆಯ ಉತ್ಸವದಲ್ಲಿ ಸಹಸ್ರಾರು ಜನರೆದುರು ಮೂರು ಗಂಟೆಗಳ ಕಾಲ ಹಾಡಿದ. ಎಂದೋ ಸ್ಟೋನ್ ಪೋನಿಯೊಳಗೆ ಕೇಳಿದವರೂ, ಹೆಸರು ಮಾತ್ರ ಕೇಳಿದ್ದ ಅವರ ಮಕ್ಕಳೂ ಆ ಜನಸ್ತೋಮದಲ್ಲಿ ಬೆರೆತಿದ್ದರು.

ಊರಿಗೆ ಹೋಗುವವರು ಸಂಜೆಗೆ ತಲಪುವುದು ಒಳ್ಳೆಯದು. ಮೊದಲು ಹಲಗೆಹಾದಿಯ ಮೇಲೆ ಒಂದು ಸುತ್ತು ಅಡ್ಡಾಡಿ, ಸಮಯವಿದ್ದರೆ ಹಳಿ ದಾಟಿ ಸ್ಪ್ರಿಂಗ್‌ವುಡ್ ಬೀದಿಯನ್ನೂ ನೋಡಿ, ಬಳಿಕ ಸ್ಟೋನ್ ಪೋನಿಗೆ ಬರಬಹುದು. ಅಂದು ನುಡಿಸುವವರು ಯಾರೂ ಅರಿಯದ ಹುಡುಗರ ಮೇಳವಾಗಿದ್ದರೂ ಟಿಕೀಟು ಕೊಳ್ಳಲು ಹಿಂಜರಿಯಬೇಕಾಗಿಲ್ಲ. ಇಲ್ಲಿ ಎಲ್ಲರೂ ಮೊದಲು ಹಾಗೆಯೇ ಬಂದವರು. ವೇದಿಕೆಯ ಮುಂದೆ ನಿಂತ ನರೆಗೂದಲಿನವರು ನಡುನಡುವೆ ತಲೆ ತಿರುಗಿಸಿ ಪಕ್ಕದ ಬಾಗಿಲತ್ತ ನೋಡುವುದು ಕಂಡರೆ, ಕಾರಣ ಕೇಳುವ ಅಗತ್ಯವೂ ಇಲ್ಲ.