ಅಡಕೆಗೆ ಸುಣ್ಣ, ಮುಖಕ್ಕೆ ಲೇಪ

ಬೇಸಗೆಯ ಬಿಸಿಲನ್ನು ಬೈಯದ ಬಾಯಿಲ್ಲ. ಆದರೆ ಅದು ಎಲ್ಲರ ಮೇಲೂ ಒಂದೇ ತೆರನಾಗಿ ಬೀಳುವುದೆಂಬ ಮಾತು ಅರ್ಧ ಸತ್ಯ. ಚನ್ನಗಿರಿಯ ಅಡಕೆ ತೋಟದಲ್ಲಿ ನಿಂತವನಿಗೂ ಜಗಳೂರಿನ ಬಯಲಿನಲ್ಲಿ ಕೂಲಿಗೆ ಬಾಗಿದವಳಿಗೂ ಸೂರ್ಯ ಒಬ್ಬನೇ, ಬಿಸಿಲು ಬೇರೆ.

ಬಿಸಿಲಿಗೆ ಅಂಜುವುದು ಮನುಷ್ಯ ಮಾತ್ರವಲ್ಲ. ನೈಋತ್ಯದ ಇಳಿಬಿಸಿಲು ನೇರವಾಗಿ ಬಡಿದರೆ ಅಡಕೆಮರದ ಕಾಂಡ ಹಳದಿಯಾಗಿ, ಕಂದಾಗಿ, ಕಡೆಗೆ ಸೀಳುತ್ತದೆ. ಸೀಳಿದ ಮರ ಗಾಳಿಗೆ ಮುರಿಯುತ್ತದೆ. ಅದಕ್ಕೆಂದೇ ತೋಟದವರು ಅಂಚಿನ ಮರಗಳಿಗೆ ಸುಣ್ಣ ಬಳಿಯುತ್ತಾರೆ, ಇಲ್ಲವೆ ಸೋಗೆ ಕಟ್ಟುತ್ತಾರೆ. ಮರದ ಈ ಶೃಂಗಾರವನ್ನು ಕಂಡು ನಕ್ಕವರಿಲ್ಲ. ಹೆಣ್ಣುಮಗಳೊಬ್ಬಳು ಮುಖಕ್ಕೆ ಸನ್‌ಸ್ಕ್ರೀನ್ ಬಳಿದುಕೊಂಡರೆ ಮಾತ್ರ ಓಣಿಗೆ ನಗೆ ಬರುತ್ತದೆ!

ಹಿಂದೆ ದೊಡ್ಡ ಪಟ್ಟಣಗಳ ವಸ್ತುವಾಗಿದ್ದ ಈ ಲೇಪ ಈಗ ಹೊನ್ನಾಳಿ, ನ್ಯಾಮತಿಗಳಂಥ ಊರುಗಳ ಅಂಗಡಿಗೂ ಬಂದಿದೆ. ಟ್ಯೂಬಿನ ಮೇಲೆ ಎಸ್‌ಪಿಎಫ್ 30, 50 ಎಂಬ ಅಂಕಿಗಳು. ಐವತ್ತೆಂದರೆ ಮೂವತ್ತಕ್ಕಿಂತ ಬಹಳ ಮೇಲೆಂದು ಕೊಳ್ಳುವವರ ನಂಬಿಕೆ. ಚರ್ಮ ಸುಡುವ ಕಿರಣಗಳಲ್ಲಿ ಮೂವತ್ತರದು ನೂರಕ್ಕೆ ಸುಮಾರು 97ನ್ನು ತಡೆದರೆ, ಐವತ್ತರದು 98ನ್ನು ತಡೆಯುತ್ತದೆ, ಅಂತರ ಇಷ್ಟೇ. ಅದೂ ಮುಖ, ಕತ್ತುಗಳಿಗೆ ಎರಡು ಬೆರಳುದ್ದ ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿದರೆ. ಕಡಲೆಕಾಳಿನಷ್ಟು ಹಚ್ಚಿ ದಿನವಿಡೀ ನೆಮ್ಮದಿಯಿಂದಿರುವ ಮನೆಗಳಲ್ಲಿ ಉಳಿಯುವುದು ಟ್ಯೂಬು, ಚರ್ಮವಲ್ಲ.

ಜಗಳೂರು ಸೀಮೆಯ ಮನೆಯೊಂದಕ್ಕೂ ಅಂಥ ಟ್ಯೂಬು ಬಂತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತಷ್ಟೆ. ಕಾಲೇಜಿನ ಮಗಳು ಆ ಉಳಿಕೆಯಿಂದಲೇ ಕೊಂಡಿದ್ದಳು.

“ಎಷ್ಟೇ ಇದಕ್ಕೆ?” ಎಂದಳು ತಾಯಿ.

“ಮುನ್ನೂರು, ಅವ್ವಾ.”

ತಾಯಿ ಮಾತಾಡಲಿಲ್ಲ. ಅದು ಅವಳ ಒಂದು ದಿನದ ಕೂಲಿ. ಆದರೆ ಹಿಂದಿನ ವಾರ ಮಗಳನ್ನು ನೋಡಲು ಬಂದವರು “ಹುಡುಗಿ ಒಂದು ಬಣ್ಣ ಕಡಮೆ” ಎಂದು ಹೋಗಿದ್ದುದು ಇಬ್ಬರಿಗೂ ನೆನಪಿತ್ತು.

ಇಲ್ಲಿಯೇ ಈ ವ್ಯಾಪಾರದ ಗುಟ್ಟಿರುವುದು. ನಮ್ಮವರು ಬಿಸಿಲಿಗೆ ಹೆದರುವುದಕ್ಕಿಂತ ಬಣ್ಣಕ್ಕೆ ಹೆದರುವುದೇ ಹೆಚ್ಚು. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ಯಾಯಿತು. ಹೆಸರು ಬದಲಾಯಿತು, ವರನ ಕಡೆಯವರ ಕಣ್ಣು ಬದಲಾಗಬೇಕಷ್ಟೆ. ಕಪ್ಪು ಚರ್ಮದ ಕಪ್ಪೇ ಒಂದು ಕೊಡೆಯೆಂಬುದನ್ನು ಅವರಿಗೆ ಹೇಳುವವರಾರು? ಆ ಕೊಡೆಯೂ ಎಲ್ಲ ಬಿಸಿಲನ್ನು ತಡೆಯದು. ವರ್ಷಗಟ್ಟಲೆ ಕಾದ ಕೆನ್ನೆಯ ಮೇಲೆ ಬಂಗು ಏಳುತ್ತದೆ.

ತಾಯಿಯ ಕೆನ್ನೆಯ ಆ ಬಂಗನ್ನು ಮಗಳು ಅಂದು ದೀಪದ ಬೆಳಕಿನಲ್ಲಿ ಮೊದಲ ಸಲ ಕಂಡವಳಂತೆ ಕಂಡಳು. ಟ್ಯೂಬನ್ನು ತೆರೆದು ಎರಡು ಬೆರಳು ತುಂಬ ಅವಳ ಮುಖಕ್ಕೇ ಹಚ್ಚಿದಳು. ಕನ್ನಡಿ ನೋಡಿ ತಾಯಿ ನಕ್ಕಳು:

“ಅಡಕೆ ಮರಕ್ಕೆ ಸುಣ್ಣ ಬಳ್ದಂಗಾತಲ್ಲೇ! ಹೊಲದಾಗೆ ಗಳಿಗೆಗೊಂದ್ಸಲ ಬಳ್ಕಂಡು ಕುಂತ್ರೆ ಕೂಲಿ ಯಾರು ಕೊಡ್ತಾರೆ?”

ಮಗಳಲ್ಲಿ ಉತ್ತರವಿರಲಿಲ್ಲ. ಟ್ಯೂಬನ್ನು ಗೂಡಿನಲ್ಲಿಟ್ಟಳು.

ಮರುದಿನ ಬೆಳಗ್ಗೆ ತಾಯಿ ತಲೆಗೆ ಟವೆಲ್ ಸುತ್ತಿ, ಬುತ್ತಿ ಕಟ್ಟಿಕೊಂಡು ಹೊಸ್ತಿಲವರೆಗೆ ಬಂದವಳು ನಿಂತಳು. ಮಾತಿಲ್ಲದೆ ಮಗಳ ಕಡೆಗೆ ಕೆನ್ನೆ ಚಾಚಿದಳು.