ಹೆಂಡತಿಗೊಂದು ಆಟದ ಯಂತ್ರ

ಹೆಂಡತಿಗೆ ಉಡುಗೊರೆ ತರುವ ಗಂಡಂದಿರಲ್ಲಿ ಎರಡು ಪಂಥಗಳಿವೆ. ಹೇಳಿ ತರುವವರದು ಒಂದು, ಹೇಳದೆ ತರುವವರದು ಇನ್ನೊಂದು. ಹೇಳದೆ ತರುವವರಿಗೆ ರಸಿಕರೆಂಬ ಹೆಸರಿದೆ. ಪೊಟ್ಟಣ ಬಿಚ್ಚುವಾಗ ಆಕೆಯ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವರದು. ಆ ಸುಖ ಕೊಡುವವನದೇ ಹೊರತು ಪಡೆಯುವವಳದಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಹಾಗೆ ಬಂದ ಸೀರೆಗಳು ಎಷ್ಟು ಮನೆಗಳ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಮಲಗಿವೆಯೋ! ಸೀರೆಯಾದರೆ ಯಾರದಾದರೂ ಮದುವೆಯಲ್ಲಿ ಮುಯ್ಯಿಗಾದರೂ ಒದಗೀತು. ಈ ಸಲ ನಾನು ಕೊಡಲು ಹೊರಟದ್ದು ಹಾಗೆ ಸಾಗಹಾಕಬಹುದಾದ ವಸ್ತುವಲ್ಲ. ಆಟಕ್ಕೆಂದೇ ಕಟ್ಟಿಸುವ ಕಂಪ್ಯೂಟರು. ಈಗಿನವರ ಮಾತಿನಲ್ಲಿ ಹೇಳುವುದಾದರೆ ಗೇಮಿಂಗ್ ಡೆಸ್ಕ್‌ಟಾಪ್.

ಓದುಗರು ಹುಬ್ಬೇರಿಸಬಾರದು. ನನ್ನಾಕೆ ಬ್ಯಾಂಕಿನಲ್ಲಿ ಅಧಿಕಾರಿ. ಹಗಲೆಲ್ಲ ಊರವರ ಸಾಲ ಸೋಲಗಳ ಲೆಕ್ಕ ನೋಡಿ ಬಂದು, ರಾತ್ರಿ ಅಡಿಗೆಮನೆಯ ಕಟ್ಟೆ ಒರೆಸಿ, ದೋಸೆಯ ಹಿಟ್ಟಿಗೆ ಉಪ್ಪು ಬೆರೆಸಿಟ್ಟಮೇಲೆ ಒಂದು ಗಂಟೆ ಆಟಕ್ಕೆ ಕೂರುತ್ತಾಳೆ. ಇರುವುದೊಂದು ಹಳೆಯ ಲ್ಯಾಪ್‌ಟಾಪು. ಅದರಲ್ಲಿ ಆಕೆಗೊಂದು ಹೊಲವಿದೆ. ಸ್ಟಾರ್‌ಡ್ಯೂ ವ್ಯಾಲಿ ಎಂದು ಆ ಆಟದ ಹೆಸರು. ಎರಿಕ್ ಬರೋನ್ ಎಂಬ ಅಮೆರಿಕದ ತರುಣನೊಬ್ಬ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕುಳಿತು ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾನೇ ಮಾಡಿ ೨೦೧೬ರಲ್ಲಿ ಹೊರತಂದದ್ದು. ಅಲ್ಲಿ ಆಕೆ ಬಿತ್ತುತ್ತಾಳೆ, ನೀರು ಹನಿಸುತ್ತಾಳೆ, ಹಸುವಿನ ಮೈದಡವುತ್ತಾಳೆ. ಹಳೆಯ ಯಂತ್ರಕ್ಕೆ ಇಷ್ಟು ಬೇಸಾಯ ಭಾರವಲ್ಲ. ಆದರೆ ಈಚೆಗೆ ಆಕೆಯ ಮನಸ್ಸು ‘ದಿ ವಿಚರ್ ೩’ರ ಕಡೆಗೆ ಹರಿದಿದೆ. ಪೋಲೆಂಡಿನ ಲೇಖಕ ಆಂದ್ರೇ ಸಪ್ಕೋವ್ಸ್ಕಿಯ ಕಥೆ ಕಾದಂಬರಿಗಳ ಲೋಕವನ್ನು ಅದೇ ದೇಶದವರು ೨೦೧೫ರಲ್ಲಿ ದೊಡ್ಡ ಆಟವಾಗಿ ಬೆಳೆಸಿದರು. ಒಂದು ಭಾಷೆಯ ಕಥೆ ಹೀಗೆ ಆಟದ ದೋಣಿ ಹತ್ತಿ ಲೋಕ ಸುತ್ತಿದ್ದನ್ನು ಕಂಡರೆ ಕನ್ನಡದ ಮೇಷ್ಟರಾದ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಅದು ಬೇರೆ ಮಾತು. ಆ ಆಟವನ್ನು ತೆರೆದರೆ ನಮ್ಮ ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ, ಕಾದ ಕಾವಲಿಯಾಗಿ, ಕುದುರೆಯ ಓಟವನ್ನು ಒಂದೊಂದೇ ಚಿತ್ರಪಟವಾಗಿ ತೋರಿಸುತ್ತದೆ.

ಹೆಂಗಸರಿಗೇಕೆ ಇಂಥ ಆಟ ಎನ್ನುವವರು ನಮ್ಮ ಹಿತ್ತಲು ಜಗಲಿಗಳನ್ನು ಮರೆತವರು. ಚೌಕಾಬಾರ, ಪಗಡೆ, ಅಳಗುಳಿಮಣೆ ಇವೆಲ್ಲ ಮನೆಯೊಳಗೆ ಉಳಿದು ಬಂದದ್ದು ಯಾರಿಂದ? ನನ್ನಾಕೆ ಪುತ್ತೂರಿನ ಕಡೆಯವಳು. ಆಟಿ ತಿಂಗಳ ಜಡಿಮಳೆಯಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿದ್ದುದನ್ನೂ, ಹದಿನಾಲ್ಕು ಗುಳಿಗಳ ಮುಂದೆ ಅಜ್ಜಿ ಅನ್ನದ ಹೊತ್ತು ಮರೆಯುತ್ತಿದ್ದುದನ್ನೂ ಹೇಳುತ್ತಾಳೆ. ತುಳುವರ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಮಣೆಯ ಏಟಿಗೆ ಒಬ್ಬಳು ಸಾಯುತ್ತಾಳೆ, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಆಟವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡ ನಾಡಿನ ಹೆಣ್ಣು ವಿಚರನ ಕತ್ತಿ ಹಿಡಿದರೆ ಆಶ್ಚರ್ಯವೇನು?

‘ನಿನಗೊಂದು ಹೊಸ ಕಂಪ್ಯೂಟರು ಕಟ್ಟಿಸೋಣ’ ಎಂದಾಗ ಆಕೆ ಹೇಳಿದ್ದು ಇಷ್ಟು: ‘ಅಷ್ಟು ದುಡ್ಡು ಆಟಕ್ಕಾ? ಬೇಡಾರೀ, ಮಗಳ ಕಾಲೇಜಿಗಿರಲಿ.’ ನಾನು ಇದನ್ನು ಕುರಿತು ಬಹಳ ಯೋಚಿಸಿದೆ. ಫ್ರಿಜ್ಜು, ವಾಷಿಂಗ್ ಮೆಷೀನು, ನನ್ನ ಕನ್ನಡಕ, ಎಲ್ಲವನ್ನೂ ಆಕೆ ತನ್ನ ಸಂಬಳದಲ್ಲಿ ಯಾರನ್ನೂ ಕೇಳದೆ ತಂದವಳು. ದುಡ್ಡಿಗೆ ನನ್ನ ಮುಂದೆ ಕೈಯೊಡ್ಡಬೇಕಾದವಳಲ್ಲ. ಆದರೆ ಮನೆಯ ಯಾವ ಕೆಲಸಕ್ಕೂ ಬಾರದ, ತನ್ನೊಬ್ಬಳ ಸಂತೋಷಕ್ಕೆಂದೇ ಇರುವ ವಸ್ತುವನ್ನು ಕೊಳ್ಳಲು ಆಕೆಗೆ ಕೈ ಬಾರದು. ಅದಕ್ಕೆ ಇನ್ನೊಬ್ಬರ ಒಪ್ಪಿಗೆಯ ಮುದ್ರೆ ಬೇಕು. ಆದ್ದರಿಂದ ಅದು ಉಡುಗೊರೆಯ ವೇಷದಲ್ಲೇ ಬರಬೇಕಾಗಿತ್ತು. ಬೇಕೋ ಬೇಡವೋ ಎಂದು ನಾನು ಮತ್ತೆ ಕೇಳಲಿಲ್ಲ. ಯಾವ ಆಟ, ಎಷ್ಟು ದೊಡ್ಡ ಪರದೆ, ಎಲ್ಲಿ ಕೂರುತ್ತೀ, ಈ ಮೂರನ್ನು ಮಾತ್ರ ಕೇಳಿದೆ. ಮೂರಕ್ಕೂ ಉತ್ತರ ನಾಲಗೆಯ ತುದಿಯಲ್ಲೇ ಇತ್ತು!

ಬೆಂಗಳೂರಿನಲ್ಲಿ ಇಂಥ ಸಾಮಾನಿಗೆ ಹೋಗುವುದು ಸಾದರ ಪತ್ರಪ್ಪ ರಸ್ತೆಗೆ. ಎಲ್ಲರ ಬಾಯಲ್ಲೂ ಅದು ಎಸ್.ಪಿ. ರೋಡು. ಅಂಗಡಿಯ ಹುಡುಗ ನನ್ನ ನರೆಗೂದಲು ನೋಡಿದವನೇ ‘ಮಗನಿಗಾ ಸಾರ್?’ ಎಂದ. ‘ಅಲ್ಲಪ್ಪ, ಹೆಂಡತಿಗೆ’ ಎಂದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಮೇಡಮ್ಮಿಗಾ? ಹಾಗಾದ್ರೆ ಬಿಳೀ ಕ್ಯಾಬಿನೆಟ್ ಹಾಕ್ಸಿ ಸಾರ್, ಬಣ್ಣದ ಲೈಟು ಬರುತ್ತೆ’ ಎಂದ. ಹೆಂಗಸೆಂದರೆ ದೀಪಾಲಂಕಾರವೆಂದು ಅವನಿಗೆ ಯಾರು ಹೇಳಿಕೊಟ್ಟರೋ! ಗಾಜಿನ ಮುಖದ ಆ ಪೆಟ್ಟಿಗೆಗಳು ಮೈಸೂರಿನ ದಸರೆಯಂತೆ ಬೆಳಗುತ್ತವೆ, ನಿಜ. ಆದರೆ ಗಾಳಿ ಹೋಗಲು ದಾರಿಯಿರುವುದಿಲ್ಲ. ಜಾಲರಿ ಮುಖದ, ದೂಳು ಒರೆಸಲು ಬಿಚ್ಚಬರುವ ಕರಿಯ ಪೆಟ್ಟಿಗೆಯೊಂದನ್ನು ಮೂಲೆಯಿಂದ ತೆಗೆಸಿದೆ.

ಇಂಥ ಯಂತ್ರದಲ್ಲಿ ಹೆಚ್ಚಿನ ಹಣ ನುಂಗುವುದು ಗ್ರಾಫಿಕ್ಸ್ ಕಾರ್ಡು. ಅದರ ಕೆಲಸವನ್ನು ನಾನು ಚುಕ್ಕಿ ರಂಗೋಲಿಯಿಂದ ಅರ್ಥಮಾಡಿಕೊಂಡೆ. ೧೯೨೦ಕ್ಕೆ ೧೦೮೦ರ ಪರದೆಯೆಂದರೆ ಇಪ್ಪತ್ತು ಲಕ್ಷಕ್ಕೂ ಮೇಲೆ ಚುಕ್ಕಿಗಳು. ಅಷ್ಟಕ್ಕೂ ಬಣ್ಣ ತುಂಬಿ, ಅಳಿಸಿ, ಮತ್ತೆ ತುಂಬಬೇಕು, ಅದೂ ಸೆಕೆಂಡಿಗೆ ಅರುವತ್ತು ಸಲ. ೨೫೬೦ಕ್ಕೆ ೧೪೪೦ ಎಂದರೆ ಮೂವತ್ತಾರು ಲಕ್ಷ ದಾಟಿತು. ೪ಕೆ ಎಂಬುದಕ್ಕೆ ಹೋದರೆ ಎಂಬತ್ತೆರಡು ಲಕ್ಷ. ಅಂಗಳ ದೊಡ್ಡದಾದಷ್ಟೂ ರಂಗೋಲಿ ಹಾಕುವವಳ ಸೊಂಟ ಬೀಳುತ್ತದೆ. ಆದ್ದರಿಂದ ಮೊದಲು ಪರದೆ ಯಾವುದೆಂದು ತೀರ್ಮಾನಿಸಿ, ಅದಕ್ಕೆ ತಕ್ಕ ಕಾರ್ಡು ಕೊಳ್ಳುವುದೇ ಕ್ರಮ. ಜನ ಮಾಡುವುದು ಇದಕ್ಕೆ ತಿರುವುಮುರುವು. ನಮ್ಮದು ಮೊಳದುದ್ದ ದೂರದಿಂದ ನೋಡುವ ಮೇಜಿನ ಪರದೆ. ಮಧ್ಯಮ ವರ್ಗಕ್ಕೆ ಮಧ್ಯಮ ಅಂಗಳ ಸಾಕೆಂದುಕೊಂಡೆ.

ಮೆಮೊರಿಯನ್ನು ಒಂದೇ ಹದಿನಾರರ ಪಟ್ಟಿಯಾಗಿ ಕೊಳ್ಳುವುದಕ್ಕಿಂತ ಎಂಟೆಂಟರ ಎರಡು ಪಟ್ಟಿಗಳಾಗಿ ಕೊಂಡರೆ ಕೆಲಸ ಚುರುಕು. ಒಂಟೆತ್ತಿನ ಬಂಡಿಗೂ ಜೋಡೆತ್ತಿನ ಬಂಡಿಗೂ ಇರುವ ಅಂತರ. ಅದರ ಬೆಲೆ ಕೇಳಿದಾಗ ಮಾತ್ರ ನನ್ನ ರಸಿಕತೆ ಒಂದು ಕ್ಷಣ ಒಣಗಿತು. ಕೃತಕ ಬುದ್ಧಿಯ ಭಾರಿ ಗಣಕಾಗಾರಗಳು ಮೆಮೊರಿಯನ್ನು ಬಾಚಿಕೊಂಡದ್ದರಿಂದ ೨೦೨೫ರ ಕೊನೆಯ ಹೊತ್ತಿಗೆ ಧಾರಣೆ ಮೇಲೇರಿತ್ತು. ಅದಕ್ಕೂ ಮೊದಲು, ೨೦೨೧ರ ಸುಮಾರಿಗೆ, ಕ್ರಿಪ್ಟೊ ನಾಣ್ಯ ಅಗೆಯುವವರು ಗ್ರಾಫಿಕ್ಸ್ ಕಾರ್ಡುಗಳನ್ನೇ ಸಿಗದಂತೆ ಮಾಡಿದ್ದರು. ಆಡುವವರಿಗೆಂದು ಹುಟ್ಟಿದ ವಸ್ತುವಿನ ಮೇಲೆ ದುಡಿಸುವವರ ಕಣ್ಣು ಬೀಳುವುದು ಕಂಪ್ಯೂಟರಿನಲ್ಲೂ ತಪ್ಪಲಿಲ್ಲ!

ನಾನು ಹಟ ಹಿಡಿದದ್ದು ಎರಡು ಕಡೆ. ಒಂದು, ಎಲ್ಲಕ್ಕೂ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್. ಕಣ್ಣಿಗೆ ಕಾಣದ ತಗಡಿನ ಡಬ್ಬಿ, ಆದ್ದರಿಂದ ಎಲ್ಲರೂ ಅಲ್ಲೇ ಉಳಿತಾಯಕ್ಕೆ ಕೈ ಹಾಕುತ್ತಾರೆ. ಅಗ್ಗದ್ದು ಸುಟ್ಟರೆ ತಾನೊಂದೇ ಸಾಯದೆ ಪಕ್ಕದವರನ್ನೂ ಕರೆದೊಯ್ಯುವುದುಂಟು. ಇನ್ನೊಂದು ಯುಪಿಎಸ್. ಹುಡುಗ ೬೦೦ ವಿಎ ಸಾಕೆಂದ. ಅಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಹೊರುವುದು ಸುಮಾರು ೩೬೦ ವಾಟ್. ಆಟ ಬಿಸಿಯೇರಿದಾಗ ಕಾರ್ಡು, ಪ್ರೊಸೆಸರು, ಪರದೆ ಎಲ್ಲ ಸೇರಿ ಅದನ್ನು ಮೀರಿದರೆ, ಕರೆಂಟು ಹೋದ ಕ್ಷಣವೇ ಅದೂ ಕೈಬಿಡುತ್ತದೆ. ಮೂರು ರಾತ್ರಿ ಹೋರಾಡಿ ಇನ್ನೇನು ರಾಕ್ಷಸ ಬೀಳಬೇಕು, ಆಗ ಮಳೆಯ ನಾಲ್ಕು ಹನಿಗೆ ಕರೆಂಟು ಹೋಗುವುದು ನಮ್ಮ ಬಡಾವಣೆಯ ಸಂಪ್ರದಾಯ. ೧೧೦೦ ವಿಎ ಕೊಟ್ಟ. ಉಳಿಸಿಕೊಳ್ಳಲು ಐದು ನಿಮಿಷ ದೊರೆತರೆ ಸಾಕು.

ಎಲ್ಲ ಸೇರಿ ಆಗಿದ್ದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. ಅಂಕಿ ಬೇಡ, ಮನೆಯಲ್ಲಿ ಈ ಲೇಖನ ಓದುತ್ತಾರೆ.

ಯಂತ್ರವನ್ನು ಎಲ್ಲಿಡುವುದೆಂಬುದೇ ಕೊನೆಗೆ ದೊಡ್ಡ ಚರ್ಚೆಯಾಯಿತು. ಮಲಗುವ ಕೋಣೆಯ ಮೂಲೆಯಲ್ಲಿಟ್ಟರೆ ಅದು ಕದ್ದು ಆಡುವ ಆಟವಾಗುತ್ತದೆ ಎಂದು ನನ್ನ ವಾದ. ನಡುಮನೆಯಲ್ಲಿ ನನ್ನ ಮೇಜು ಖಾಲಿ ಮಾಡಿದೆ. ಉತ್ತರಪತ್ರಿಕೆಗಳು ಊಟದ ಮೇಜಿಗೆ ಬಂದವು. ಒಂಬತ್ತಾದಮೇಲೆ ಅಡಿಗೆಮನೆಯ ಕಟ್ಟೆಯೂ ದೋಸೆಯ ಹಿಟ್ಟೂ ನನ್ನ ಪಾಲಿಗೆ. ಇದನ್ನು ಪಟ್ಟಿಯಲ್ಲಿ ಸೇರಿಸದಿದ್ದರೆ ಉಳಿದ ಸಾಮಾನೆಲ್ಲ ದಂಡವಾಗುತ್ತಿತ್ತು. ಆಡಲು ಗಂಟೆಯೇ ಸಿಗದವಳಿಗೆ ಗ್ರಾಫಿಕ್ಸ್ ಕಾರ್ಡು ಏನು ಮಾಡೀತು? ಉಪ್ಪಿನ ಅಂದಾಜು ಇನ್ನೂ ನನಗೆ ಹಿಡಿತಕ್ಕೆ ಬಂದಿಲ್ಲ. ‘ರೀ, ಒಂದೂವರೆ ಚಮಚ!’ ಎಂದು ಪೋಲೆಂಡಿನ ಕಾಡಿನೊಳಗಿಂದಲೇ ಸೂಚನೆ ಬರುತ್ತದೆ.

ಎಂಬತ್ತರ ಹತ್ತಿರದ ನನ್ನ ಅಮ್ಮ ಎರಡು ದಿನ ದೂರದಿಂದಲೇ ನೋಡಿದರು. ಮೂರನೆಯ ದಿನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಸೊಸೆಯನ್ನು ಕೇಳಿದರು: ‘ಇದರಲ್ಲಿ ಚೌಕಾಬಾರ ಬರುತ್ತೇನೆ?’